ಆಡಿನ ಕೊರಳ ಕೋಲು

ಬೇಲಿ ಹಾಕಿಸುವವರಿದ್ದರೆ ಓದಿ, ಸ್ನೇಹಿತರೆ. ಆಡಿಗೆ ಸಣ್ಣ ಕಣ್ಣಿನ ತಂತಿಬಲೆಯೇ ಬೇಕು ಎಂದು ಶಿರಸಿಯ ಅಂಗಡಿಯವ ಹೇಳಿದ್ದ. ಎಮ್ಮೆಗೆ ಹಾಕಿಸಿದ ದೊಡ್ಡ ಕಣ್ಣಿನದನ್ನೇ ನಾನು ಆಡಿಗೂ ಹಾಕಿಸಿದೆ. ಬೇಲಿಯೊಳಗೆ ತಲೆ ತೂರಿಸದಂತೆ ಅಮ್ಮ ಆಡುಗಳ ಕೊರಳಿಗೆ ಅಡ್ಡಕೋಲು ಕಟ್ಟುತ್ತಿದ್ದಳು. "ಹೊಸ ಬೇಲಿ ಬಂತಲ್ಲ, ಇನ್ನೆಂತಕ್ಕೆ ಇದು" ಎಂದು ನಿನ್ನೆ ನಾನೇ ಬಿಚ್ಚಿ ಬಚ್ಚಲೊಲೆಗೆ ಹಾಕಿದೆ.

ಇವತ್ತು ಬೆಳಿಗ್ಗೆ ಗಬ್ಬದ ಆಡು ಆಚೆಯ ಸೊಪ್ಪಿಗೆ ಕುತ್ತಿಗೆ ಚಾಚಿದೆ. ಕೋಡು ಸಿಕ್ಕಿಕೊಂಡು ತಲೆ ಹಿಂದೆ ಬಂದಿಲ್ಲ. ಬೀದಿನಾಯಿಗಳು ಹೊರಗಿನಿಂದಲೇ ಕೊಂದು ಹೋಗಿವೆ.

ಅಮ್ಮ ಬೈಯಲಿಲ್ಲ. "ಕೋಲೆಲ್ಲ ಎಲ್ಲಿಟ್ಟೆ? ಉಳಿದವಕ್ಕಾದ್ರೂ ಕಟ್ಬೇಕು" ಎಂದಳು.

ಪಕ್ಕದ ಮನೆಯ ಮಂಜಣ್ಣ ಬಂದು ಕಂಬ ಅಲುಗಾಡಿಸಿ ನೋಡಿದ. "ಬೇಲಿ ಮಾತ್ರ ಗಟ್ಟಿ ಹಾಕ್ಸಿದ್ದಿ ಮಾರಾಯ."

ನಿಜ. ಒಂದು ನಾಯಿಯೂ ಒಳಗೆ ಬಂದಿಲ್ಲ.