ಹಳೆ ರನ್‌ವೇಯಲ್ಲಿ ನಾನು ಆರಿಸಿದ ದೀಪ

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ದೈವಕ್ಕೆ ಕೈ ಮುಗಿಯುವವನೇ ಹೊರತು ದೆವ್ವದ ಕತೆ ನಂಬುವವನಲ್ಲ. ಆದರೆ ಹೋದ ಚಳಿಗಾಲ ಒಮಾನಿನ ಕಡಲ ಕರೆಯಲ್ಲಿ ನನ್ನ ಈ ಎರಡು ಕಿವಿಗಳು ಕೇಳಿದ್ದು ಸುಳ್ಳಲ್ಲ.

ಮೊದಲು ನನ್ನ ತಮ್ಮನ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮಲ್ಪೆಯಿಂದ ಮೀನಿಗೆ ಹೋದ ಸುರೇಶ ವಾಪಸ್ ಬರಲಿಲ್ಲ. ಬೋಟೂ ಇಲ್ಲ, ಹೆಣವೂ ಇಲ್ಲ. ಅವನ ಹೆಂಡತಿ ಶೋಭಾ ಕಡಲಿಗೆ ಮುಖ ಮಾಡಿದ ಹಿಂದಿನ ಜಗಲಿಯ ಬಲ್ಬನ್ನು ರಾತ್ರಿಯಿಡೀ ಉರಿಸುತ್ತಿದ್ದಳು. ರಜೆ ಹಾಕಿ ಊರಿಗೆ ಹೋಗಿದ್ದ ನಾನು, ಮಸ್ಕತ್ತಿಗೆ ಹೊರಡುವ ರಾತ್ರಿ ಆ ಸ್ವಿಚ್ ಆರಿಸಿದೆ.

"ಸಾಕು ಶೋಭಾ. ಇನ್ನು ಅವ ಬರುದಿಲ್ಲ," ಅಂದೆ.

ಅವಳು ಅಳಲೂ ಇಲ್ಲ. ಎದ್ದು ಒಳಗೆ ಹೋದಳು.

ನನ್ನದು ರಸ್ತೆ ಸರ್ವೆ ಕೆಲಸ, ಮನೆ ಮಸ್ಕತ್ತಿನ ದಾರ್ಸೈಟ್‌ನಲ್ಲಿ. ಹೋದ ಚಳಿಗಾಲದ ಆ ದಿನ ಸೂರ್ ಪಟ್ಟಣವನ್ನೂ ದಾಟಿ ದೂರದ ಕಡಲ ಕರೆಯಲ್ಲಿ ಅಳತೆ ಮುಗಿಸಿ ಹೊರಟಾಗ ನಮ್ಮ ಪಿಕಪ್ಪಿನ ಚಕ್ರ ಮರಳಲ್ಲಿ ಹೂತುಹೋಯಿತು. ಜೊತೆಗಿದ್ದದ್ದು ಡ್ರೈವರ್ ಅಬ್ಬಾಸ್ ಕಾಕ, ಉಳ್ಳಾಲದ ಬ್ಯಾರಿಗಳು. ಆಫೀಸಿಗೆ ಫೋನ್ ಮಾಡಿದರೆ, ಬೇರೆ ಗಾಡಿ ಬರುವುದು ಬೆಳಿಗ್ಗೆಯೇ ಅಂದರು. ಗುರುತಿಗಿರಲಿ ಎಂದು ಹೆಡ್‌ಲೈಟ್ ಹಾಕಿಯೇ ಕೂತೆವು.

ಹತ್ತಿರದ ಗುಡಿಸಲಿನಿಂದ ಒಬ್ಬ ಒಮಾನಿ ಮುದುಕ ಖಾವಾ ಕಾಫಿ ತಂದುಕೊಟ್ಟ. ಹೆಸರು ಸಾಲಿಂ ಚಾಚಾ, ಹಿಂದಿ ಚೆನ್ನಾಗಿ ಆಡುತ್ತಿದ್ದ. ನಾವು ಕೂತಿದ್ದ ಆ ಸಮತಟ್ಟು ಜಾಗ ಹಿಂದೆ ರನ್‌ವೇ ಆಗಿತ್ತಂತೆ. ಸಮುದ್ರದ ಮೇಲೆ ವಿಮಾನ ಹಾರಿಸಲು ಮೊದಮೊದಲು ಧೈರ್ಯ ಮಾಡಿದವರು ಇಳಿಯುತ್ತಿದ್ದದ್ದು ಇಲ್ಲೇ. ಒಂದು ಇಂಜಿನ್, ಒಬ್ಬನೇ ಮನುಷ್ಯ, ತೊಡೆಯ ಮೇಲೊಂದು ನಕ್ಷೆ... ರೇಡಿಯೋ ಕೂಡ ಇಲ್ಲ. ರಾತ್ರಿಯಾದರೆ ತಗಡಿನ ಡಬ್ಬಗಳಲ್ಲಿ ಚಿಮಿಣಿ ಎಣ್ಣೆ ತುಂಬಿ ಸಾಲಾಗಿ ದೀಪ ಹಚ್ಚಬೇಕಿತ್ತು. ಆ ಕೆಲಸ ಚಾಚಾನ ಅಜ್ಜನದು.

ಹೋಗುವಾಗ ಮುದುಕ ಮೆಲ್ಲಗೆ ಹೇಳಿದ, "ಬತ್ತಿ ಬಂದ್ ಮತ್ ಕರನಾ." ದೀಪ ಆರಿಸಬೇಡಿ ಅಂತ.

"ವಿಮಾನ ಬಂದ್ರೆ ಪಾಸ್‌ಪೋರ್ಟಿಗೆ ನಾನೇ ಸೀಲ್ ಹೊಡೀತೇನೆ," ಎಂದು ನಾನು ನಕ್ಕೆ. ಕಾಕ ನಗಲಿಲ್ಲ.

ರಾತ್ರಿ ಒಂದು ಗಂಟೆ ಹೊತ್ತಿಗೆ ಲೈಟ್ ಮಂಕಾಗತೊಡಗಿತು. ಬ್ಯಾಟರಿ ಸತ್ತರೆ ಬೆಳಿಗ್ಗೆ ಯಾರಪ್ಪನನ್ನು ಕೇಳುವುದು? ಕಾಕ ಗೊರಕೆ ಹೊಡೆಯುತ್ತಿದ್ದರು. ನಾನು ಲೈಟ್ ಆರಿಸಿದೆ.

ಸ್ವಲ್ಪ ಹೊತ್ತಿಗೆ ದೂರದಿಂದ ಗುಂಯ್... ಎಂದು ಸದ್ದು ಬಂತು. ಬೋಟಿನ ಇಂಜಿನ್! ಹುಚ್ಚು ಮನಸ್ಸು, ಮೊದಲು ನೆನೆದದ್ದು ಸುರೇಶನನ್ನೇ.

ಆದರೆ ಸದ್ದು ಬರುತ್ತಿದ್ದದ್ದು ಮೇಲಿನಿಂದ.

ತಲೆ ಎತ್ತಿದರೆ ಬರೀ ನಕ್ಷತ್ರ. ಸದ್ದು ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿತು... ಇನ್ನೊಂದು ಸುತ್ತು, ಇನ್ನೂ ಕೆಳಗೆ. ಗಾಡಿಯ ತಗಡು ನಡುಗಿತು. ಮೂಗಿಗೆ ಗಪ್ಪನೆ ಚಿಮಿಣಿ ಎಣ್ಣೆಯ ವಾಸನೆ ಹೊಡೆಯಿತು.

ಕಾಕ ಧಡಕ್ಕನೆ ಎದ್ದರು. "ಯಾ ಅಲ್ಲಾ... ಲೈಟ್ ಹಾಕು ಮಾರಾಯ!"

ನನಗೆ ಕೈ ಎತ್ತಲಾಗಲಿಲ್ಲ. ಮೂರನೇ ಸುತ್ತಿಗೆ ಇಂಜಿನ್ ಕೆಮ್ಮತೊಡಗಿತು. ಸದ್ದು ಮೆಲ್ಲಗೆ ಕಡಲಿನ ಕಡೆ ತಿರುಗಿತು... ದೂರವಾಯಿತು... ಒಮ್ಮೆಲೇ ನಿಂತುಹೋಯಿತು. ನೀರಿಗೆ ಏನಾದರೂ ಬಿದ್ದ ಶಬ್ದವೂ ಇಲ್ಲ.

ಆಮೇಲೆ ನಾನು ಲೈಟ್ ಹಾಕಿದೆ. ಮರಳು ಮಾತ್ರ ಕಂಡಿತು.

ಸಾಲಿಂ ಚಾಚಾ ಲಾಟೀನು ಹಿಡಿದು ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ, ನನ್ನ ಪಕ್ಕ ಮರಳಿನಲ್ಲಿ ಕುಸಿದು ಕೂತ. ಅವನ ಅಜ್ಜ ಒಂದು ರಾತ್ರಿ ಒಬ್ಬ ಪೈಲಟನಿಗಾಗಿ ದೀಪ ಹಚ್ಚಿ ಕಾದಿದ್ದನಂತೆ. ನಡುರಾತ್ರಿ ದಾಟಿದ ಮೇಲೆ ರನ್‌ವೇ ನೋಡಿಕೊಳ್ಳುತ್ತಿದ್ದ ಸಾಹೇಬ ಗಡಿಯಾರ ನೋಡಿ, ಇಷ್ಟು ಹೊತ್ತಿಗೆ ಪೆಟ್ರೋಲ್ ಮುಗಿದಿರುತ್ತದೆ, ಖಲಾಸ್ ಅಂದ. ಅಜ್ಜ ಒಂದೊಂದೇ ಡಬ್ಬಕ್ಕೆ ಮರಳು ಸುರಿದು ದೀಪ ಆರಿಸಿದ. ಕೊನೆಯ ದೀಪ ಆರಿದ ಮೇಲೆ ಸದ್ದು ಕೇಳಿಸಿತು.

"ಸಾಯುವವರೆಗೂ ಅಜ್ಜನಿಗೆ ಒಂದೇ ಮಾತು," ಅಂದ ಚಾಚಾ ಹಿಂದಿಯಲ್ಲಿ. "ನಾನೇ ಆರಿಸಿದೆ, ನಾನೇ ಆರಿಸಿದೆ."

ನನಗೆ ಅಳು ತಡೆಯಲಾಗಲಿಲ್ಲ. ತಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಅಬ್ಬಾಸ್ ಕಾಕ ಕಡಲಿನ ಕಡೆ ತಿರುಗಿ ಎರಡೂ ಅಂಗೈ ಚಾಚಿ ದುವಾ ಮಾಡಿದರು. ಯಾರಿಗಾಗಿ ಎಂದು ಕೇಳಲಿಲ್ಲ.

ಬೆಳಕು ಹರಿಯುತ್ತಲೇ ಊರಿಗೆ ಫೋನ್ ಮಾಡಿದೆ.

"ಶೋಭಾ, ಹಿಂದಿನ ಜಗಲಿ ಲೈಟ್ ಇನ್ನು ರಾತ್ರಿ ಹಾಕಿಡು."

"ಎಂತಾಯ್ತು ಭಾವ?"

"ಹಾಕು ಅಂದ್ರೆ ಹಾಕು!"

"ನಾನು ದಿನಾಲೂ ಹಾಕ್ತೇನೆ ಭಾವ. ಅವತ್ತು ನೀವು ಗೇಟು ದಾಟಿದ ಕೂಡ್ಲೇ ಮತ್ತೆ ಹಾಕಿದ್ದೆ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

ಅಬ್ಬಾ, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಫೋನ್ ಇಡುವವನಿದ್ದೆ.

"ನಿನ್ನೆ ರಾತ್ರಿ ಮಾತ್ರ ಸ್ವಲ್ಪ ಹೊತ್ತು ಕರೆಂಟ್ ಹೋಗಿತ್ತು," ಅಂದಳು. "ಕತ್ತಲೆಯಲ್ಲಿ ಒಂದು ಬೋಟಿನ ಶಬ್ದ ಮನೆ ಹಿಂದೆಯೇ, ತುಂಬಾ ಹತ್ತಿರ ಬಂತು ಭಾವ... ಅಲ್ಲೇ ಸುತ್ತು ಹಾಕಿತು. ಮತ್ತೆ ಹೋಯ್ತು."

ಮುಂದಿನ ವಾರವೇ ಅವಳ ಮನೆಗೆ ಇನ್ವರ್ಟರ್ ಹಾಕಿಸಿದೆ. ಆ ರಾತ್ರಿ ಕರೆಂಟ್ ಹೋದದ್ದು ಎಷ್ಟು ಗಂಟೆಗೆ ಎಂದು ಮಾತ್ರ ಇವತ್ತಿನವರೆಗೂ ಕೇಳಿಲ್ಲ.