ಹೇಳದೆ ಬಿಟ್ಟ ಏಳು

ನಾನು ಮೂಡಲಗಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಲೆಕ್ಕ ತಪ್ಪಿದರೆ ನನಗೆ ಮೈಯುರಿಯುತ್ತದೆ. ಮನೆಯವರಿಗೆ ಇದು ಗೊತ್ತು, ಅದಕ್ಕೇ ನನ್ನೆದುರು ಯಾರೂ ಬೆರಳು ಮಡಚಿ ಎಣಿಸುವುದಿಲ್ಲ. ಚೊಚ್ಚಲ ಬಸುರಿನಲ್ಲಿ ಕರಿಹಲಗೆಯ ಮುಂದೆ ನಿಂತು ನಿಂತೇ ಸೊಂಟ ಹಿಡಿದು, ತಡೆಯಲಾಗದೆ ತವರೂರು ದಡ್ಡಿಗೆ ಬಂದೆ. ಬಂದ ಮರುದಿನವೇ ಅವ್ವ ಎಣ್ಣೆ ಹಚ್ಚುವ ಮುದುಕಿಯೊಬ್ಬಳನ್ನು ಗೊತ್ತು ಮಾಡಿದ್ದಳು.

ನಾನು ಸುಮ್ಮನೆ ಒಪ್ಪುವವಳಲ್ಲ. ಗೋಕಾಕದ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಬೆನ್ನು, ಹೆಗಲು, ಕಾಲಿಗೆ ಹಗುರವಾಗಿ ಹಚ್ಚಿಸಿಕೊಳ್ಳಲು ಅಡ್ಡಿಯಿಲ್ಲ, ಎಡ ಮಗ್ಗುಲಾಗಿ ಮಲಗಬೇಕು, ಹೊಟ್ಟೆ ಒತ್ತಿಸಿಕೊಳ್ಳಬಾರದು ಎಂದರು. ಇದನ್ನೆಲ್ಲ ಮುದುಕಿಗೆ ಹೇಳಹೋದರೆ, ಆಕೆ ಆಗಲೇ ನನ್ನನ್ನು ಎಡಕ್ಕೆ ಹೊರಳಿಸಿ ಮೊಣಕಾಲುಗಳ ನಡುವೆ ಮಡಚಿದ ಕೌದಿ ಇಟ್ಟಾಗಿತ್ತು.

ಆಕೆ ದಿನಾ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದಳು. ಬಾಗಿಲು ಬಡಿಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಕಣ್ಣು ತೆರೆದರೆ ಪಕ್ಕದಲ್ಲಿ ಕೂತಿರುತ್ತಿದ್ದಳು. ಅವಳ ಹುಟ್ಟೂರು ಹಿಡಕಲ್ ಡ್ಯಾಮಿನ ನೀರಿನಡಿ ಹೋಗಿತ್ತಂತೆ. ಬಿಸಿ ಎಣ್ಣೆಯಲ್ಲಿ ಅದ್ದಿದರೂ ಅವಳ ಕೈ ಬೆಚ್ಚಗಾಗುತ್ತಿರಲಿಲ್ಲ. ನನ್ನ ಮುಖವನ್ನಂತೂ ನೋಡುತ್ತಲೇ ಇರಲಿಲ್ಲ. ಗೋಡೆಯ ಕಡೆ ಕಿವಿ ಕೊಟ್ಟು ಏನನ್ನೋ ಆಲಿಸುತ್ತಿದ್ದಳು.

ಆದರೆ ಆ ಕೈಗಳ ಗುಣ ದೊಡ್ಡದು. ಒಂದು ವಾರದಲ್ಲಿ ಸೊಂಟದ ಹಿಡಿತ ಸಡಿಲವಾಯಿತು. ಎಷ್ಟೋ ದಿನದಿಂದ ಬಾರದ ನಿದ್ದೆ ಬಂತು. ಸಂಜೆಯ ಹೊತ್ತಿಗೆ ಬಾತು ಊದುತ್ತಿದ್ದ ಪಾದ ಇಳಿದು ಚಪ್ಪಲಿ ಹಿಡಿಸತೊಡಗಿತು. ಸುಳ್ಳೇಕೆ ಹೇಳಲಿ, ಊಟ ಮುಗಿದದ್ದೇ ಮೂರು ಗಂಟೆಗೆ ಕಾಯುತ್ತಿದ್ದೆ.

ನನಗೆ ಸರಿಬೀಳದ್ದು ಅವಳ ಲೆಕ್ಕ. ಸೊಂಟದಿಂದ ಕುತ್ತಿಗೆಯವರೆಗೆ ಕೈ ಎಳೆದಾಗಲೆಲ್ಲ ಎಣಿಸುತ್ತಿದ್ದಳು. ಕಣದಲ್ಲಿ ಜೋಳ ಅಳೆಯುವವರಂತೆ ಒಂದಕ್ಕೆ ‘ಲಾಭ’ ಅನ್ನುತ್ತಿದ್ದಳು. ಲಾಭ, ಎರಡು, ಮೂರು, ನಾಕು, ಐದು, ಆರು. ಆಮೇಲೆ ಕೈ ಮಾತ್ರ ಆಡುತ್ತಿತ್ತು, ಬಾಯಿ ಇಲ್ಲ. ಅದರ ಮುಂದಿನದಕ್ಕೆ ಎಂಟು.

“ಆಯಿ, ಏಳು ಎಲ್ಲಿ ಹೋತು? ನನ್ನ ಸಾಲ್ಯಾಗ ಹಿಂಗ ಎಣಿಸಿದ್ರ ಬೆಂಚಿನ ಮ್ಯಾಲ ನಿಂದ್ರಸ್ತೇನಿ,” ಎಂದೆ.

“ಅದನ್ನ ಅನಬಾರದ ತಂಗಿ. ಒಳಗಿನ ಕೂಸು ಕೇಳಿಸ್ಕೊಂಡ ಎದ್ದ ಬಂದಬಿಡತೈತಿ, ದಿನಾ ತುಂಬೂಕಿಂತ ಮೊದಲ.”

ಎಣಿಕೆಯ ಏಳಕ್ಕೆ ಎದ್ದು ಬರುವ ಕೂಸಾದರೆ ಅದು ಕನ್ನಡದಲ್ಲಿ ಪಾಸು, ಗಣಿತದಲ್ಲಿ ನಪಾಸು ಎಂದು ಅವ್ವನ ಮುಂದೆ ಆಡಿಕೊಂಡು ನಕ್ಕೆ.

ಕೆಲವು ದಿನಗಳಲ್ಲಿ ನಗು ನಿಂತಿತು. ಆರು ಎಂದಾಯಿತು, ಬಾಯಿ ಮುಚ್ಚಿತು, ಕೈ ಜಾರಿತು. ಆ ಮೌನದಲ್ಲಿ ಕೂಸು ಒದೆಯಿತು. ಮತ್ತೆ ಲಾಭದಿಂದ ಶುರು, ಮತ್ತೆ ಅದೇ ಜಾಗದಲ್ಲಿ ಒದೆತ. ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಅವ್ವನ ಕೈಯನ್ನು ಹೊಟ್ಟೆಯ ಮೇಲಿರಿಸಿಕೊಂಡೆ. ಮೂರು ಸುತ್ತು ಎಣಿಕೆ, ಮೂರು ಒದೆತ. ಅವ್ವ ಕೈ ಕಿತ್ತುಕೊಂಡು, ದೇವರ ಜಗಲಿಯ ಮೇಲಿನ ವಿಭೂತಿ ತಂದು ನನ್ನ ಹಣೆಗೆ ಬಳಿದಳು. ಮುದುಕಿಗೆ ಅಚ್ಚರಿಯೇ ಇಲ್ಲ.

“ನಾ ಬಿಟ್ಟದ್ದನ್ನ ಅದು ಎಣಸಾಕತ್ತೈತಿ,” ಎಂದಳು, ಗೋಡೆಯ ಕಡೆಗೆ.

ಅಂಥ ಬಿಸಿಲಲ್ಲೂ ನನಗೆ ಚಳಿ ಹಿಡಿಯಿತು. ಹಾಗಿದ್ದೂ ಅವಳನ್ನು ಬೇಡವೆನ್ನಲಿಲ್ಲ. ನನ್ನ ಮೈಗೆ ಆ ಕೈ ಅಷ್ಟು ಬೇಕಾಗಿತ್ತು.

ಎಂಟನೆಯ ತಿಂಗಳ ಕೊನೆಗೆ ಅಮಾವಾಸ್ಯೆ ಬಂತು. ಅವತ್ತು ಬೆಳಗಿನಿಂದ ತಲೆ ಸಿಡಿಯುತ್ತಿತ್ತು, ಉಂಗುರ ಬೆರಳಲ್ಲಿ ಸಿಕ್ಕಿಕೊಂಡಿತ್ತು. ಬಿಸಿಲಿಗೆ ಇರಬೇಕೆಂದು ಸುಮ್ಮನಿದ್ದೆ. ಮುದುಕಿ ಬಂದು ಶುರು ಮಾಡಿದಳು. ಲಾಭ, ಎರಡು, ಮೂರು, ನಾಕು, ಐದು, ಆರು. ಕೈ ಜಾರಿತು. ಒದೆತ ಬರಲಿಲ್ಲ. ಎರಡನೆಯ ಸುತ್ತಿಗೂ ಬರಲಿಲ್ಲ. ಬೆಳಗಿನಿಂದ ಕೂಸು ಒಮ್ಮೆಯೂ ಹೊರಳಿಲ್ಲವೆಂಬುದು ನನಗೆ ಆಗ ಹೊಳೆಯಿತು. ಮೂರನೆಯ ಸುತ್ತಿನ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಿರುಚಿಬಿಟ್ಟೆ.

“ಏಳು! ನನ್ನ ಕೂಸ, ಏಳು!”

ಮುದುಕಿಯ ಕೈ ನಿಂತಿತು. ಮೊದಲ ಸಲ ಅವಳು ನನ್ನ ಮುಖ ನೋಡಿದಳು. ಆಮೇಲೆ ಕೆಳಗೆ ಸರಿದು ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಊರಿ ತೆಗೆದಳು. ಅಲ್ಲೊಂದು ಕುಳಿ ಉಳಿಯಿತು. ಅವಳು, ಅವ್ವ, ನಾನು ಮೂವರೂ ನೋಡುತ್ತ ಕೂತೆವು. ಅದು ತುಂಬಿಕೊಳ್ಳಲೇ ಇಲ್ಲ.

“ನನ್ನ ಮಗಳ ಕಾಲಾಗೂ ಹಿಂಗ ಕುಣಿ ಬಿದ್ದಿತ್ತು,” ಎಂದಳು. “ಬಸರಿದ್ದಾಗ ಕಾಲ ಬಾಯತಾವ ಅಂತ ತಿಳದ ಎಣ್ಣಿ ಹಚ್ಚಿದ್ನಿ. ತಲಿ ನೋಯಾಕತ್ತೈತಿ ಅಂದ್ಲು, ತಲಿಗೂ ಹಚ್ಚಿದ್ನಿ. ಮಲಗಿದ್ಲು. ಹೊತ್ತ ಮುಣಗೂ ಮುಂದ ಉಣ್ಣಾಕ ಏಳವ್ವಾ ಅಂದ್ನಿ. ಏಳು ಅಂದ್ನಿ, ಏಳು ಅಂದ್ನಿ…”

ಆ ಅಂಕಿಯನ್ನು ಅವಳು ನನ್ನ ಕೂಸಿಗೆ ಹೆದರಿ ಬಿಟ್ಟಿರಲಿಲ್ಲ. ಅವಳ ಬಾಯಿಗೇ ಅದು ಬರುತ್ತಿರಲಿಲ್ಲ. ಇಷ್ಟು ದಿನ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಅವ್ವ ಇನ್ನೂ ಅನುಮಾನಿಸುತ್ತಿದ್ದಳು. “ಅಮಾಸಿ ದಿನಾ ಬಸರಿ ಹೆಂಗಸನ್ನ ಹೊರಗ ಒಯ್ಯೂದು ಹೆಂಗ? ನಾಳೆ ಹೋಗೂನು.”

“ನಾಳೆ ಅಂತ ನಾನೂ ಅಂದಿದ್ನಿ. ಇದು ಎಣ್ಣಿ ಕೆಲಸ ಅಲ್ಲ. ಗಾಡಿ ತರಸ,” ಎಂದು ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಅಣ್ಣ ತಂದ ಗಾಡಿಗೆ ಯಾರೂ ಕರೆಯದೆ ತಾನೇ ಹತ್ತಿದಳು. ಗೋಕಾಕ ಬರುವತನಕ ನನ್ನ ಪಾದಗಳು ಅವಳ ತೊಡೆಯ ಮೇಲಿದ್ದವು. ಡಾಕ್ಟರಮ್ಮ ಬಿಪಿ ನೋಡಿ ಬೈದರು. ಇಷ್ಟೊಂದು ಏರಿದೆ, ಇನ್ನು ತಡ ಮಾಡಿದ್ದರೆ ತಾಯಿಗೆ ಫಿಟ್ಸ್ ಬಂದು ಇಬ್ಬರೂ ಕೈತಪ್ಪುತ್ತಿದ್ದರು ಎಂದರು. ಕೂಸಿನ ಎದೆಬಡಿತ ಸಣ್ಣಗೆ ಕೇಳಿಸುತ್ತಿತ್ತು. ಆಗಿಂದಾಗಲೇ ಆಪರೇಷನ್‌ಗೆ ಒಯ್ದರು.

ನನಗೆ ಪೂರಾ ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು. ಕೋಣೆಯಲ್ಲಿ ಯಾರೂ ಇಲ್ಲ ಅನಿಸಿತು. ಕೂಸು ಇದೆಯೋ ಇಲ್ಲವೋ ಎಂದು ಕೇಳಲು ಬಾಯಿ ಒಣಗಿತ್ತು, ಧೈರ್ಯವೂ ಇರಲಿಲ್ಲ. ಕಾಲ ಬಳಿ ಏನೋ ತಣ್ಣಗೆ ತಾಗಿತು. ಮುದುಕಿ ನನ್ನ ಎರಡೂ ಪಾದ ಹಿಡಿದುಕೊಂಡು ಕೂತಿದ್ದಳು.

“ಹೆಣ್ಣ ಕೂಸು. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ಚಲೋ ಅಳಾಕತ್ತೈತಿ. ಎಲ್ಲಾರೂ ಅದನ್ನ ನೋಡಾಕ ಹೋಗ್ಯಾರ. ನಾ ನಿನ್ನ ನೋಡಾಕ ಕುಂತೇನಿ.”

ನನಗೆ ಅಳು ಬಂತು. ಇಷ್ಟು ತಿಂಗಳು ಎಲ್ಲರೂ ಕೂಸು ಹೇಗಿದೆ ಎಂದೇ ಕೇಳಿದ್ದರು.

ಆಕೆ ಎದ್ದು ಬಂದು, ನನ್ನ ಮುಖದ ಮೇಲೆ ಬಾಗಿ, ಮೆಲ್ಲಗೆ ಹೆಸರು ಹಿಡಿದು ಕರೆದಳು. ಆ ಹೆಸರು ನನ್ನದಲ್ಲ. ನಮ್ಮ ಓಣಿಯಲ್ಲಿ ಯಾರದೂ ಅಲ್ಲ. ಭಯಕ್ಕೆ ಮೈ ಜುಮ್ಮೆಂದಿತು. ಅವಳು ಎವೆಯಿಕ್ಕದೆ ಕಾಯುತ್ತಿದ್ದಳು. ಅವಳು ಇನ್ನೊಮ್ಮೆ ಕರೆಯುವಂತಾಗಬಾರದೆಂದು ಇದ್ದಬದ್ದ ಶಕ್ತಿ ಕೂಡಿಸಿಕೊಂಡು ಹೇಳಿದೆ.

“ಎದ್ದೇನಿ, ಅವ್ವಾ.”