ಜೋಳದ ಡಬ್ಬಿಯಲ್ಲಿ ಸಿಕ್ಕ ಬಟ್ಟಲು

ಕ್ರೈಸ್ತನಾದವನು ಮೆತ್ತಗಿರಬೇಕು ಅಂತ ಯಾರಾದರೂ ಉಪದೇಶಕ್ಕೆ ನಿಂತರೆ, ಯಾರ ಅನುಕೂಲಕ್ಕೆ ಮೆತ್ತಗಿರಬೇಕು ಅಂತ ಕೇಳಬೇಕೆನಿಸುತ್ತದೆ ನನಗೆ. ಈ ಸಿಟ್ಟು ತೊಂಬತ್ತರ ದಶಕದ್ದು. ಇನ್ನೂ ಇಳಿದಿಲ್ಲ.

ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹುಬ್ಬಳ್ಳಿಯ ನಮ್ಮ ಸಭೆಯಲ್ಲಿ, ಕ್ರಿಸ್ತನ ಕೊನೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯನ್ನು ಬೇಕರಿಯಿಂದ ತರುವ ರೂಢಿ ಇರಲಿಲ್ಲ. ಸಭೆಯ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಸುಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ತರಬೇಕು. ಎಷ್ಟೋ ವರ್ಷದಿಂದ ಅದು ದೊಡ್ಡವ್ವನ ಕೆಲಸ. ಇದ್ದಿಲ ಒಲೆಯ ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಸುಡುತ್ತಿದ್ದಳು. ಆಗ ಯಾರಾದರೂ ಹರಟೆಗೆ ಕೂತರೆ ಬೈದು ಎಬ್ಬಿಸುತ್ತಿದ್ದಳು. ಮೇಜಿನ ಬಟ್ಟೆ ಒಗೆಯುವವಳೂ ಅವಳೇ, ಹಾಗಾಗಿ ದೇವಾಲಯದ ಕಪಾಟಿನ ಕೀಲಿಕೈ ಅವಳ ಸೊಂಟದಲ್ಲಿರುತ್ತಿತ್ತು. ಇನ್ನೊಂದು ಕೀಲಿಕೈ ಸಭೆಯ ಹಿರಿಯರೊಬ್ಬರ ಮನೆಯಲ್ಲಿ.

ಒಂದು ದಿನ ಕಪಾಟಿನಲ್ಲಿದ್ದ ಹಳೆಯ ಬೆಳ್ಳಿಯ ಬಟ್ಟಲು, ದ್ರಾಕ್ಷಾರಸ ಕೊಡುವ ಬಟ್ಟಲು, ಕಾಣದಾಯಿತು. ಆ ರವಿವಾರ ಆರಾಧನೆ ಮುಗಿದ ಮೇಲೆ ಆ ಹಿರಿಯರು ಎದ್ದು ನಿಂತು, ಬಟ್ಟಲು ಕಳುವಾಗಿದೆ ಎಂದರು.

"ನಾ ಯಾರ ಹೆಸರೂ ಹೇಳೂದಿಲ್ಲ. ಕೀಲಿಕೈ ಯಾರ ಸೊಂಟದಾಗ ಅದ, ದೇವರಿಗೆ ಗೊತ್ತು."

ದೇವರಿಗಷ್ಟೇ ಏನು, ಇಡೀ ಸಭೆಗೆ ಗೊತ್ತಿತ್ತು. ಕುತ್ತಿಗೆಗಳೆಲ್ಲ ಹಿಂದಿನ ಬೆಂಚಿಗೆ ತಿರುಗಿದವು. ದೊಡ್ಡವ್ವ ಕೀಲಿಕೈ ಬಿಚ್ಚಿ ಬೆಂಚಿನ ಮೇಲಿಟ್ಟು ಹೊರಗೆ ನಡೆದಳು. ಮಾತು ಅವಳಿಗಿಂತ ಮೊದಲು ಆಸ್ಪತ್ರೆ ಮುಟ್ಟಿತ್ತು. ರೋಗಿಗಳ ಕೋಣೆಗೆ ಹೋಗಬೇಡ, ವರಾಂಡದ ನೆಲ ಒರೆಸು ಅಂದರಂತೆ.

ಗುರುವಾರ ಹಿರಿಯರ ಹೆಂಡತಿ ಮಗಳ ಬಾಣಂತನ ಮುಗಿಸಿ ಗದಗಿನಿಂದ ಬಂದರು. ಗಿರಣಿಗೆ ಕಳಿಸಲೆಂದು ಜೋಳದ ಡಬ್ಬಿಗೆ ಕೈ ಹಾಕಿದರೆ ಬಟ್ಟಲು ಬಂತು. ತಿಕ್ಕಿ ಬೆಳಗಲೆಂದು ತಾವೇ ಒಯ್ದಿದ್ದರು. ಊರಿಗೆ ಹೊರಡುವ ಅವಸರದಲ್ಲಿ, ಕಳ್ಳರ ಕೈಗೆ ಸಿಗದಿರಲೆಂದು ಜೋಳದಲ್ಲಿ ಹೂತಿಟ್ಟು ಮರೆತಿದ್ದರು. ನಮ್ಮ ಕಡೆ ಬೆಳ್ಳಿ ಬಂಗಾರ ಅಡಗುವುದೇ ಜೋಳದಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ಹೊಲಸು ನಡೆದದ್ದು ಆಮೇಲೆ.

ಕರ್ತನ ಭೋಜನದ ಹಿಂದಿನ ದಿನ, ಮುನಿಸಿಕೊಂಡವರು ಅಯ್ಯನವರ, ಅಂದರೆ ಪಾದ್ರಿಗಳ, ಕೋಣೆಯಲ್ಲಿ ಕೈ ಕುಲುಕಿ ಸಮಾಧಾನವಾಗಬೇಕು ಅನ್ನುವುದು ನಮ್ಮಲ್ಲಿಯ ಪದ್ಧತಿ. ಗುರುವಾರ ಸಂಜೆಯೇ ಸಭೆಯ ಸಮಿತಿ ಕೂಡಿತು. ಶನಿವಾರ ಹಿರಿಯರೂ ದೊಡ್ಡವ್ವನೂ ಕೈ ಕುಲುಕಲಿ, ಸಭೆಯ ಮುಂದೆ ಇದರ ಮಾತೇ ಬೇಡ ಅಂತ ತೀರ್ಮಾನವಾಯಿತು. ಹೆಸರೇ ಹೇಳಿಲ್ಲವಲ್ಲ, ಕ್ಷಮೆ ಯಾತರದು ಅಂತ ಹಿರಿಯರ ವಾದ. ನಾನು ಆಗ ಯುವಕರ ಕಡೆಯಿಂದ ಸಮಿತಿಯಲ್ಲಿದ್ದೆ. ಕುರ್ಚಿ ಸಿಕ್ಕ ಅಮಲು ಬೇರೆ. ನಿನ್ನ ಮಾತು ಕೇಳುತ್ತಾಳೆ ಅಂತ ನನ್ನನ್ನೇ ಕಳಿಸಿದರು. ಹೋದೆ.

"ಬಿಟ್ಟುಬಿಡ ದೊಡ್ಡವ್ವ. ನಾವು ಕ್ರಿಸ್ತನ ಮಂದಿ, ಮೆತ್ತಗ ಇರಬೇಕು."

ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ನೀ ಯಾವಾಗ ಅಯ್ಯನವರಾದ್ಯೋ? ಕಪಾಳಕ್ಕ ಹೊಡದಾಗ ಸ್ವಾಮಿ ತಿರುಗಿ ಹೊಡೀಲಿಲ್ಲ, ಖರೇ. ಆದ್ರ ಯಾಕ ಹೊಡದಿ ಅಂತ ಎಲ್ಲಾರ ಮುಂದ ಕೇಳ್ದ. ನಾನೂ ಅಷ್ಟ ಕೇಳಾಕತ್ತೇನಿ."

ಹಿರಿಯರನ್ನು ಸೋಮವಾರವೇ ಕ್ಷಮಿಸಿದ್ದಾಳಂತೆ. ಅವರ ಹಿರಿತನ ಹೋಗುವುದೂ ಬೇಡವಂತೆ. ಎಲ್ಲಿ ನಿಂತು ಅಂದರೋ ಅಲ್ಲೇ ನಿಂತು ಸುಳ್ಳೆಂದು ಹೇಳಲಿ, ಸಾಕು.

ನಾನು ಸಮಿತಿಗೆ ಹೋಗಿ, ಸ್ವಲ್ಪ ಹಠ ಅವಳದು ಅಂದೆ. ಆಯಾಗಿರಿ ಮಾಡುವವರಿಗೆ ಇಷ್ಟು ಠೇಂಕಾರ ಯಾಕೆ ಅಂತ ಒಬ್ಬರು ನಕ್ಕರು. ನಾನೂ ನಕ್ಕೆ. ಹಿರಿಯರ ಮೇಲಿನ ಸಿಟ್ಟು ಒಂದು ಪಾಲಾದರೆ, ಆ ನಗೆಯ ಮೇಲಿನದು ಹತ್ತು ಪಾಲು.

ಶನಿವಾರ ದೊಡ್ಡವ್ವ ಕೈ ಕುಲುಕಲು ಹೋಗಲಿಲ್ಲ. ರವಿವಾರ ಮೇಜಿನ ಮೇಲೆ ಬಟ್ಟಲು ಫಳಫಳ ಹೊಳೆಯುತ್ತಿತ್ತು. ಎಲ್ಲಿತ್ತು ಅಂತ ಒಬ್ಬರೂ ಕೇಳಲಿಲ್ಲ. ದೊಡ್ಡವ್ವ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಯ್ಯನವರು ಹತ್ತಿರ ಬಂದು ರೊಟ್ಟಿಗೆ ಕೈ ಚಾಚಿದರು. ಅವಳು ಎದ್ದು ನಿಂತಳು.

"ಕಳ್ಳಿ ಸುಟ್ಟ ರೊಟ್ಟಿ ಸಭೆಗೆ ಬ್ಯಾಡ್ರಿ ಅಯ್ಯನವರ. ನಾ ಕಳ್ಳಿ ಹೌದೋ ಅಲ್ಲೋ ಇಲ್ಲೇ ಹೇಳ್ರಿ. ಕೊಡ್ತೇನಿ."

ಹಿರಿಯರು ಕೀರ್ತನೆ ಪುಸ್ತಕದಿಂದ ತಲೆ ಎತ್ತಲಿಲ್ಲ. ಸಮಿತಿಯವರೂ ಎತ್ತಲಿಲ್ಲ. ನಾನು ಎದ್ದೆ. ಬಟ್ಟಲು ಹಿರಿಯರ ಮನೆಯ ಜೋಳದ ಡಬ್ಬಿಯಲ್ಲಿ ಸಿಕ್ಕಿತು, ಗುರುವಾರದಿಂದ ಸಮಿತಿಗೆಲ್ಲ ಗೊತ್ತು, ನನಗೂ ಗೊತ್ತು ಅಂದೆ. ಹೆಂಗಸರ ಸಾಲಿನಿಂದ ಹಿರಿಯರ ಹೆಂಡತಿ ಅಳುತ್ತಾ ಎದ್ದು, ಇಟ್ಟವಳು ನಾನೇ ಅಂದರು. ಆಗ ಹಿರಿಯರು ಎದ್ದರು. ಗೋಡೆ ನೋಡುತ್ತಾ, ತಪ್ಪಾಯಿತು ಅಂದರು.

"ಇತ್ತಾಗ ತಿರುಗಿ ಹೇಳ್ರಿ ಅಣ್ಣಾವ್ರ," ಅಂದಳು ದೊಡ್ಡವ್ವ.

ತಿರುಗಿ, ಆಕೆ ಕದ್ದಿಲ್ಲ, ನಾನಂದದ್ದು ಸುಳ್ಳು ಅಂದರು. ದೊಡ್ಡವ್ವ ನಡೆದುಕೊಂಡು ಮುಂದೆ ಹೋಗಿ ರೊಟ್ಟಿಯ ಗಂಟನ್ನು ಅವರ ಕೈಗೇ ಕೊಟ್ಟಳು.

ಹೊರಗೆ ಬಂದರೆ ನಾಲ್ಕು ಮಂದಿ ನನ್ನನ್ನು ಸುತ್ತುಗಟ್ಟಿದರು. ದೊಡ್ಡ ಮನುಷ್ಯರಿಗೆ ಮಂದಿಯ ಮುಂದೆ ಹಾಗನ್ನಬಾರದಿತ್ತು, ಮೆತ್ತಗೆ ಹೇಳಬಹುದಿತ್ತು ಅಂದರು. ಹಿಂದಿನ ರವಿವಾರ ಒಬ್ಬ ವಿಧವೆಗೆ ಮಂದಿಯ ಮುಂದೆ ಅಂದಾಗ ಈ ನಾಲ್ವರೂ ಅಲ್ಲೇ ಇದ್ದರು. ಮೆತ್ತಗೆ ಕೂತಿದ್ದರು.

ಬಸ್ಸಿನಲ್ಲಿ ದೊಡ್ಡವ್ವನ ಪಕ್ಕ ಕೂತೆ. ನಾಲ್ಕು ಒಳ್ಳೆಯ ಮಾತು ಬರುತ್ತವೆ ಅಂತ ಕಾದೆ. ಎದ್ದು ನಿಂತದ್ದು ಛಲೋ ಆಯಿತು ಅಂತ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ, ದನಿಯಲ್ಲಿ ಒಂದಿಷ್ಟೂ ಸಿಟ್ಟಿಲ್ಲದೆ ಅಂದಳು:

"ಗುರುವಾರನ ನಿಂತಿದ್ರ, ನಾ ನೆಲಾ ಒರಸೂದು ಎರಡು ದಿನಾ ತಪ್ತಿತ್ತು."